ಮುನವಳ್ಳಿಗೆ ಇಳಿದ ಫಸ್ಟ್ ಕ್ಲಾಸ್

ಆ ಖುರ್ಚಿ ಬಂದದ್ದೇ ತಪ್ಪಾಯಿತು. ಅದೂ ಎಂಥ ಖುರ್ಚಿ! ಸಮುದ್ರ ದಾಟಿ ಹಾರುವ ದೊಡ್ಡ ವಿಮಾನದ ಫಸ್ಟ್ ಕ್ಲಾಸಿನ ಖುರ್ಚಿ. ಯಾವುದೋ ವಿಮಾನ ಕಂಪನಿ ತನ್ನ ಫಸ್ಟ್ ಕ್ಲಾಸನ್ನೇ ಕಿತ್ತುಹಾಕಿತಂತೆ. ಕಿತ್ತದ್ದು ಮುಂಬಯಿಯ ಗುಜರಿಗೆ ಬಂತು. ಅಲ್ಲಿ ಗುಜರಿ ವ್ಯಾಪಾರ ಮಾಡುವ ಆಸಿಫ್, ಅಕ್ಕನ ಗಂಡನ ಮೇಲಿನ ಪ್ರೀತಿಗೆ ಅದನ್ನು ಉಳ್ಳಾಗಡ್ಡಿ ಇಳಿಸಿ ಖಾಲಿ ಬರುತ್ತಿದ್ದ ಲಾರಿಯಲ್ಲಿ ಹಾಕಿ ಮುನವಳ್ಳಿಗೆ ಕಳಿಸಿಬಿಟ್ಟ. ಪ್ರೀತಿ ಮಾಡುವವರು ಸ್ವಲ್ಪ ವಿಚಾರ ಮಾಡಿ ಮಾಡಬೇಕಪ್ಪ.

ಅಕ್ಕನ ಗಂಡ ಅಂದರೆ ಮೆಹಬೂಬಸಾಬ. ಬಸ್ ನಿಲ್ದಾಣದ ಎದುರು ಕಟಿಂಗ್ ಅಂಗಡಿ ಅವನದು. ಕಟ್ಟಡ ಮಾತ್ರ ರಾಮಲಿಂಗಪ್ಪ ಸಾವಕಾರರದು. ಏಸಿ ಹಾಕಿಸುತ್ತೇನೆ, ಬಣ್ಣದ ದೀಪ ಹಾಕಿಸುತ್ತೇನೆ, ಅಂಗಡಿ ನನಗೆ ಕೊಡಿ ಎಂದು ಬೆಳಗಾವಿಯ ಪಾರ್ಲರಿನವನೊಬ್ಬ ಸಾವಕಾರರ ಬೆನ್ನು ಹತ್ತಿದ್ದ. “ಬುಧವಾರ ದಾಡಿ ಮಾಡಿಸ್ಕೊಳ್ಳಾಕ ಬರತೇನಿ. ಅವತ್ತ ಹೇಳತೇನಿ, ಅಂಗಡಿ ಯಾರಿಗಂತ,” ಎಂದಿದ್ದರು ಸಾವಕಾರರು. ಅಪ್ಪನ ಕಾಲದ ಅಂಗಡಿ. ಅದು ಹೋದರೆ ಮೆಹಬೂಬಸಾಬ ಬೀದಿಗೆ ಬಿದ್ದಂತೆಯೇ. ಅದಕ್ಕೇ ಈ ಖುರ್ಚಿಗೆ ಕರೆಂಟ್ ಕೊಟ್ಟು, ಸಾವಕಾರರನ್ನು ಅದರಲ್ಲೇ ಕೂರಿಸಿ ಒಲಿಸಿಕೊಳ್ಳುವ ಉಪಾಯ.

“ದಾಡಿ ಮಾಡಾಕ ಕೈ ಚಲೋ ಇರಬೇಕ್ರಿ, ಖುರ್ಚಿ ಅಲ್ಲ,” ಎಂದಳು ಹೆಂಡತಿ ಜೈಬುನ್ನಿಸಾ. ಹೆಂಡಿರ ಮಾತು ಕೇಳಿದ್ದರೆ ಈ ಜಗತ್ತಿನಲ್ಲಿ ಕತೆಗಳೇ ಹುಟ್ಟುತ್ತಿರಲಿಲ್ಲ.

ಬುಧವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದವರು ವಿರೂಪಾಕ್ಷಪ್ಪ, ನಿವೃತ್ತ ರೈಲ್ವೆ ಟಿಕೆಟ್ ಕಲೆಕ್ಟರ್. ಫಸ್ಟ್ ಕ್ಲಾಸ್ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಮೈಮೇಲೆ ಮತ್ತೆ ಕರಿಕೋಟು ಬಂದಂತೆ ನೆಟ್ಟಗಾಗುತ್ತಾರೆ.

“ಇದಕ್ಕ ಭವಿಷ್ಯ ಇಲ್ಲೋ ಮೆಹಬೂಬ! ಪೇಪರಿನ್ಯಾಗ ಬಂದೈತಿ. ಈಗ ವಿಮಾನದ ಬಿಸಿನೆಸ್ ಕ್ಲಾಸಿನ್ಯಾಗನ ಹಾಸಿಗಿ ಕೊಡತಾರ, ಬಾಗಿಲಾನೂ ಕೊಡತಾರ. ಮತ್ತ ಹೆಚ್ಚಿನ ರೊಕ್ಕಾ ಕೊಟ್ಟು ಫಸ್ಟ್ ಕ್ಲಾಸಿಗೆ ಯಾರ ಬರತಾರ?”

ಚಹಾ ತಂದ ಪಕ್ಕದಂಗಡಿಯ ಮಡಿವಾಳೆಪ್ಪ ಒಪ್ಪಲಿಲ್ಲ. “ಏ, ಹೋಗ್ರಿ! ಶ್ರೀಮಂತ್ರು ಇರೂತನಕ ಫಸ್ಟ್ ಕ್ಲಾಸ್ ಇರತೈತಿ. ನಮ್ಮ ಮೊಣಕಾಲಿಗಿ ಮೊಣಕಾಲ ಹಚ್ಚಿ ಅವರು ಕುಂದ್ರತಾರೇನ್ರಿ?”

ಅಷ್ಟರಲ್ಲಿ ಸಾವಕಾರರೇ ಬಂದರು. ಕಣ್ಣು ಕೆಂಪು, ಮೂಗಿನ ತುದಿಗೆ ಸಿಟ್ಟು.

“ಏನೋ ಇದು? ಖುರ್ಚಿನೋ, ತೊಟ್ಟಿಲೋ?”

“ಫಸ್ಟ್ ಕ್ಲಾಸ್ ಐತ್ರಿ ಸಾವಕಾರ್ರ! ಕುಂತ ನೋಡ್ರಲಾ!”

ಕೂತರು. ಮೆಹಬೂಬಸಾಬ ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿ, ಸಾಬೂನಿನ ನೊರೆ ಹಚ್ಚಿ, ಬಿಸ್ಮಿಲ್ಲಾ ಎಂದು ಬಲಗೆನ್ನೆ ನುಣ್ಣಗೆ ಮಾಡಿದ. ಎಡಗೆನ್ನೆಗೆ ಬರಬೇಕು, ಅಷ್ಟರಲ್ಲಿ ವಿರೂಪಾಕ್ಷಪ್ಪನವರ ಕೈ ಸುಮ್ಮನಿರಬೇಕಲ್ಲ!

“ಈ ಗುಂಡಿ ಯಾತಕ್ಕೋ?” ಎಂದು ಒತ್ತಿಯೇಬಿಟ್ಟರು.

ಗುಂಯ್ ಎಂದಿತು ಖುರ್ಚಿ. ಬೆನ್ನು ಕೆಳಗಿಳಿಯಿತು, ಕಾಲು ಮೇಲೆದ್ದು ಮಡಿವಾಳೆಪ್ಪನ ಚಹಾದ ತಟ್ಟೆಯನ್ನು ಮೂಲೆಗೆ ಒದೆಯಿತು, ಸಾವಕಾರರು ಅಂಗಾತ ಮಲಗಿದರು. ಅದೇ ಹೊತ್ತಿಗೆ ಕರೆಂಟ್ ಹೋಯಿತು. ಮೆಹಬೂಬಸಾಬ ಎಲ್ಲ ಗುಂಡಿ ಒತ್ತಿದ, ಎತ್ತಿ ನೋಡಿದ, ಬೇಡಿಕೊಂಡ. ಖುರ್ಚಿ ಜಪ್ಪಯ್ಯ ಅನ್ನಲಿಲ್ಲ.

“ಸಾವಕಾರ್ರ, ಸ್ವಲ್ಪ ಎದ್ದ ಕುಂದರ್ರಿ…”

ಸಾವಕಾರರಿಗೆ ಆಗಲೇ ನಿದ್ದೆ ಹತ್ತಿಬಿಟ್ಟಿತ್ತು.

“ಎಬ್ಬಸಬ್ಯಾಡಲೇ!” ಪಿಸುಗುಟ್ಟಿದರು ವಿರೂಪಾಕ್ಷಪ್ಪ. “ಮೊದಲ ಸಿಟ್ಟಿನ ಮನಶ್ಯಾ. ಅರ್ಧಾ ದಾಡಿದಾಗ ಎಬ್ಬಿಸಿದ್ರ ನಿನ್ನ ಅಂಗಡಿ ಇವತ್ತ ಹೋತು.”

ಹೀಗಾಗಿ ಮೂವರೂ ಕೈಕಟ್ಟಿ ತಲೆ ತಗ್ಗಿಸಿ ಸುಮ್ಮನೆ ನಿಂತರು. ಬಸ್ಸಿಗೆ ಕಾಯುತ್ತಿದ್ದ ಮಂದಿ ಗಾಜಿನ ಬಾಗಿಲಿಂದ ಇಣುಕಿದರು. ಏನು ಕಂಡೀತು? ಬಿಳಿ ಬಟ್ಟೆ ಹೊದ್ದು ಅಂಗಾತ ಮಲಗಿದ ಸಾವಕಾರರು, ಸುತ್ತ ತಲೆ ತಗ್ಗಿಸಿ ನಿಂತವರು. ಗಡಿಗೆಯ ಬಾಯಿ ಮುಚ್ಚಬಹುದು, ಮಂದಿಯ ಬಾಯಿ ಮುಚ್ಚುವುದು ಯಾರಿಂದಾದೀತು? “ಸಾವಕಾರ್ರು ಹೋದ್ರಂತ! ದಾಡಿ ಮಾಡುವಾಗ ಮೆಹಬೂಬ ಕತ್ತಿ ಹಚ್ಚಿದನಂತ!” ಎಂಬ ಸುದ್ದಿ ಸವದತ್ತಿ ಬಸ್ಸನ್ನೂ ಹಿಂದೆ ಹಾಕಿ ಓಡಿತು. ಯಾರೋ ಚೆಂಡುಹೂವಿನ ದೊಡ್ಡ ಹಾರವನ್ನೂ ತಂದರು.

ಸಾವಕಾರರ ಹೆಂಡತಿ ಶಟ್ಟೆವ್ವ ಎದೆ ಬಡಿದುಕೊಳ್ಳುತ್ತ ಒಳಗೆ ನುಗ್ಗಿದಳು. “ಅಯ್ಯಯ್ಯೋ, ನನ್ನ ಬಿಟ್ಟು ಹೆಂಗ ಹೋದ್ರೀ! ಇನ್ನ ನಾ ಯಾರ ಮಾರಿ ನೋಡ್ಲೀ…”

“ಗೊರ್‍ರ್‍…” ಎಂದರು ಸಾವಕಾರರು.

ಶಟ್ಟೆವ್ವನ ಅಳು ಅರ್ಧಕ್ಕೇ ನಿಂತಿತು. ಬಗ್ಗಿ ಮೂಗಿನ ಬಳಿ ಕಿವಿ ಇಟ್ಟಳು. ಆಮೇಲೆ ಅವಳು ತಿರುಗಿ ನಿಂತ ರೀತಿಗೆ ಮೆಹಬೂಬಸಾಬ ಎರಡು ಹೆಜ್ಜೆ ಹಿಂದೆ ಸರಿದ.

“ಯಾರೂ ಪಿಟ್ ಅನ್ನಬ್ಯಾಡ್ರಿ! ಸಂಕ್ರಾಂತಿ ಆದಾಗಿಂದ ಈ ಮನಶ್ಯಾ ಕಣ್ಣಿಗಿ ಕಣ್ಣ ಹಚ್ಚಿಲ್ಲ. ಡಾಕ್ಟರ ಮುಗದ್ರು, ಕಷಾಯ ಮುಗೀತು. ತಾನೂ ಮಲಗೂದಿಲ್ಲ, ನನ್ನೂ ಮಲಗಸೂದಿಲ್ಲ. ತಾನಾಗಿ ಏಳೂತನಕ ಒಂದ ನೊಣಾನೂ ಒಳಗ ಬರಬಾರದು!”

ಬಾಗಿಲಿಗೆ ಅಡ್ಡಲಾಗಿ ತಾನೇ ಕೂತಳು. ದಾಡಿಗೆ ಬಂದವರು ಗಡ್ಡ ಕೆರೆದುಕೊಳ್ಳುತ್ತ ಮರಳಿದರು. ನೊರೆ ಒಣಗಿ ಸಾವಕಾರರ ಎಡಗೆನ್ನೆ ಸುಣ್ಣ ಬಳಿದ ಗೋಡೆಯಾಯಿತು.

“ಕಂಪನಿಯವರು ಇದನ್ನ ಯಾಕ ಕಿತ್ತಾರಂತ ಈಗ ತಿಳೀತ ನೋಡ್ರಿ,” ಎಂದ ಮಡಿವಾಳೆಪ್ಪ ಮೆಲ್ಲಗೆ. “ಯಾರೂ ಕುಂದ್ರೂದಿಲ್ಲ ಅಂತಲ್ಲ. ಕುಂತಾವ್ರು ಊರ ಬಂದ್ರೂ ಏಳೂದಿಲ್ಲ.”

ಸಂಜೆ ಕರೆಂಟ್ ಬಂತು. ಖುರ್ಚಿ ತಾನಾಗಿಯೇ ಗುಂಯ್ ಎಂದು ಮೇಲೆದ್ದಿತು, ಜೊತೆಗೆ ಸಾವಕಾರರೂ. ಕಣ್ಣು ಹೊಸಕಿಕೊಂಡು ಸುತ್ತ ನೋಡಿದರು. ಕೆಂಪು ಹೋಗಿತ್ತು. ಸಿಟ್ಟೂ ಹೋಗಿತ್ತು.

“ಮೆಹಬೂಬ,” ಎಂದರು. “ಸಣ್ಣವಿದ್ದಾಗ ಅವ್ವನ ತೊಡಿ ಮ್ಯಾಲ ಹಿಂಗ ಮಲಗಿದ್ನೋ. ಆ ಬೆಳಗಾವಿಯಾವ್ಗ ಹೇಳಿಬಿಡು, ಅಂಗಡಿ ಕೊಡೂದಿಲ್ಲ!”

“ನಿಮ್ಮ ಹೊಟ್ಟಿ ತಣ್ಣಗಿರ್ಲಿರಿ ಸಾವಕಾರ್ರ!” ಮೆಹಬೂಬಸಾಬನಿಗೆ ಅಳುವೇ ಬಂತು. ಫೋನ್ ಹಚ್ಚಿ, “ಅಂಗಡಿ ಉಳೀತು!” ಎಂದು ಹೆಂಡತಿಗೆ ಕೂಗಿದ.

“ಅವಗಷ್ಟ ಅಲ್ಲ, ಯಾರಿಗೂ ಕೊಡೂದಿಲ್ಲ,” ಸಾವಕಾರರು ಮುಂದುವರಿಸಿದರು. “ನಾಳಿಂದ ನಾನ ಇಲ್ಲಿ ಮಲಗತೇನಿ.”

ಶಟ್ಟೆವ್ವ ಎರಡೂ ಕೈ ಎತ್ತಿ ಮುಗಿದಳು. “ಮುಂಜಾನಿಂದ ಸಂಜೀತನಕ ಇಲ್ಲೇ ಇರ್ಲಿ. ಬುತ್ತಿ ಕಳಸತೇನಿ.”

“ಮತ್ತ… ನಾನ್ರೀ?” ಎಂದ ಮೆಹಬೂಬಸಾಬ.

“ಹೊರಗ ಬೇವಿನ ಗಿಡದ ಬುಡಕ ಕಟಿಂಗ್ ಮಾಡಪಾ. ಗಾಳಿ ಚಲೋ ಬರತೈತಿ,” ಎಂದರು ಸಾವಕಾರರು.

“ಸಾವಕಾರ್ರ, ಖುರ್ಚಿ ನಂದೈತ್ರೀ!”

“ನಿಂದ ಅಲ್ಲಂತ ಯಾರಂದ್ರು? ನಾ ಎದ್ದ ಮ್ಯಾಲ ಒಯ್ಯಿ,” ಎಂದು ಸಾವಕಾರರು ತಾವೇ ಗುಂಡಿ ಒತ್ತಿ, ಬಿಳಿ ಬಟ್ಟೆಯನ್ನು ಗದ್ದದ ತನಕ ಎಳೆದುಕೊಂಡರು. ಕಣ್ಣು ಮುಚ್ಚಿದ ಮೇಲೆ ಮತ್ತೇನೋ ನೆನಪಾಯಿತು.

“ಮೆಹಬೂಬ, ಒಂದ ಮಾತ ನೋಡು. ಕತ್ರಿ ಸಪ್ಪಳ ಒಳಗ ಕೇಳಬಾರದು.”