ತಲೆಯಾಡಿಸಿದ ಭಾನುವಾರ

ದಿಲ್ಲಿಯ ಲೋಧಿ ಕಾಲೊನಿಯ ಸೂರ್ಯನಾರಾಯಣ ಅವರು ಆ ಭಾನುವಾರ ಬೆಳಿಗ್ಗೆ ಹಾಲಿನ ಬೂತಿನ ಮುಂದೆ ನಿಂತು ಮೂರು ಸಲ ತಲೆಯಾಡಿಸಿದರು. ಎಡವಟ್ಟಾದದ್ದು ಅಲ್ಲೇ.

ತಲೆಯಾಡಿಸಿದ್ದು ಕನ್ನಡ ಸಂಘದ ಕಾರ್ಯದರ್ಶಿ ವೆಂಕಟಸುಬ್ಬಯ್ಯನವರ ಯಾವುದೋ ಉದ್ದನೆಯ ಮಾತಿಗೆ. ಮಾತು ಮುಗಿಸಿದ ಅವರು ಸೂರ್ಯನಾರಾಯಣರ ಎರಡೂ ಕೈ ಹಿಡಿದು ಕುಲುಕಿ, ಖುಷಿಯಲ್ಲಿ ಹಾಲನ್ನೇ ಮರೆತು ಹೊರಟುಹೋದರು. ತಾನು ಒಪ್ಪಿಕೊಂಡದ್ದೇನು ಎಂಬುದು ಮಾತ್ರ ಸೂರ್ಯನಾರಾಯಣರಿಗೆ ತಿಳಿಯಲಿಲ್ಲ.

ಸೆಕ್ಷನ್ ಆಫೀಸರ್ ಸೂರ್ಯನಾರಾಯಣರ ಕಿವಿಗಳು ಕೆಲವು ವರ್ಷಗಳಿಂದ ಅರ್ಧ ರಜೆಯ ಮೇಲಿದ್ದವು. ಈ ಗುಟ್ಟು ಯಾರಿಗೂ ಗೊತ್ತಿಲ್ಲವೆಂದು ಅವರ ನಂಬಿಕೆ. ಚಳಿಗಾಲದಲ್ಲಿ ಮಂಕಿ ಕ್ಯಾಪಿನ ನೆಪ, ಬೇಸಿಗೆಯಲ್ಲಿ ಕೂಲರಿನ ಸದ್ದಿನ ನೆಪ. ಉಳಿದ ದಿನಗಳಿಗೆ ಮೆಟ್ರೊಗಾಗಿ ರಸ್ತೆ ಅಗೆಯುವವರಿದ್ದರು. ಕಚೇರಿಯಲ್ಲಿ ಕಿವಿ ಮಂದವಾದ ಗುಂಡಣ್ಣನ ಗತಿಯನ್ನು ಅವರು ಕಣ್ಣಾರೆ ಕಂಡಿದ್ದರು. ಜನ ಮೊದಲು ಕೂಗಿ ಹೇಳಿದರು, ಆಮೇಲೆ 'ಏನಿಲ್ಲ ಬಿಡಿ' ಅಂದರು, ಕೊನೆಗೆ ಚಹಾಕ್ಕೆ ಕರೆಯುವುದನ್ನೇ ಬಿಟ್ಟರು. ತನಗೂ ಹಾಗಾದರೆ? ಸಂಜೆ ಪಾರ್ಕಿನ ಬೆಂಚಿನಲ್ಲಿ ನಾಲ್ಕು ಜನ ಪಕ್ಕದಲ್ಲಿ ಕೂತು ಮಾತಾಡಿಸದಿದ್ದರೆ ಸೂರ್ಯನಾರಾಯಣರಿಗೆ ಉಂಡ ಅನ್ನ ಅರಗುತ್ತಿರಲಿಲ್ಲ. ಅದಕ್ಕೇ 'ಏನಂದ್ರಿ?' ಎಂದು ಕೇಳುವ ಬದಲು ತಲೆಯಾಡಿಸಿಬಿಡುತ್ತಿದ್ದರು.

ಮೆಟ್ಟಿಲ ಮೇಲೆ ಪಕ್ಕದ ಮನೆಯ ಲೀಲಾವತಿ ಸಿಕ್ಕರು. ಆಕೆಯ ಗಂಟಲು ದೊಡ್ಡದು, ಪುಣ್ಯ.

"ತುಂಬಾ ಧೈರ್ಯ ಸಾರ್ ನಿಮ್ಗೆ! ಅಷ್ಟು ಜನರ ಮುಂದೆ! ನಮ್ಮೆಜಮಾನ್ರಾಗಿದ್ರೆ ಓಡಿಹೋಗ್ತಿದ್ರು."

"ಹೌದೌದು. ಎಷ್ಟು ಹೊತ್ತಿಗೆ ಅಂತ ಹೇಳಿದ್ರು?" ಸೂರ್ಯನಾರಾಯಣ ಉಪಾಯವಾಗಿ ಕೇಳಿದರು.

"ಸಂಜೆ ಐದಕ್ಕೆ. ನೋವೇನೂ ಆಗಲ್ವಂತೆ ಬಿಡಿ."

ನೋವು! ಅವರ ತಲೆಯಲ್ಲಿ ಹುಳ ಹೊಕ್ಕಿತು. ರಕ್ತದಾನವೇ ಇರಬೇಕೆಂದು ಎರಡು ದೋಸೆ ಹೆಚ್ಚಿಗೆ ತಿಂದರು. ಅಷ್ಟರಲ್ಲಿ ಹೆಂಡತಿ ರತ್ನಪ್ರಭಾ, "ಸಂಜೆ ಆ ಟೋಪಿ ಹಾಕ್ಕೊಂಡು ಬರ್ಬೇಡಿ. ಹೋಗಿ ಕಟಿಂಗ್ ಮಾಡಿಸ್ಕೊಂಡು ಬನ್ನಿ," ಎಂದು ಕಿವಿಯ ಹತ್ತಿರ ಬಂದು ಗದರಿದರು.

ರಕ್ತ ಕೊಡುವುದಕ್ಕೆ ಕಟಿಂಗ್ ಯಾಕೆ?

ಬೇವಿನ ಮರದಡಿಯ ಕ್ಷೌರದ ಭಯ್ಯಾ ಹಿಂದಿಯಲ್ಲಿ ಏನೋ ಕೇಳಿದ. ಇವರು ತಲೆಯಾಡಿಸಿದರು. ಇನ್ನೇನೋ ಕೇಳಿದ. ಅದಕ್ಕೂ ಆಡಿಸಿ, ಎಳೆಬಿಸಿಲಿಗೆ ಕಣ್ಣು ಮುಚ್ಚಿದರು. ಕಣ್ಣು ಬಿಟ್ಟಾಗ ಕನ್ನಡಿಯಲ್ಲಿ ಬೇರೆ ಯಾರೋ ಕೂತಿದ್ದರು. ಮದುವೆಗೂ ಮುಂಚಿನಿಂದ ಸಾಕಿದ ಮೀಸೆ ಮಾಯವಾಗಿತ್ತು.

"ಅಯ್ಯೋ, ಮೀಸೆ ಯಾಕ್ರೀ ತೆಗೆಸಿದ್ರಿ?" ರತ್ನಪ್ರಭಾ ಚೀರಿದರು.

"ಬೇಕಾಗಿತ್ತು," ಎಂದರು ಸೂರ್ಯನಾರಾಯಣ, ಗಂಭೀರವಾಗಿ.

ಮತ್ತೆ ಕನ್ನಡಿ ನೋಡಿಕೊಂಡಾಗ ಹೊಳೆಯಿತು: ನಾಟಕ! ಸಂಘದಲ್ಲಿ ಹೆಣ್ಣು ಪಾತ್ರ ಮಾಡುತ್ತಿದ್ದ ಚಂದ್ರಮೋಹನನಿಗೆ ಈಚೆಗೆ ವರ್ಗವಾಗಿತ್ತು. ಅಷ್ಟು ಜನರ ಮುಂದೆ, ಧೈರ್ಯ, ಟೋಪಿ ಬೇಡ, ಎಲ್ಲ ತಾಳೆಯಾಯಿತು. ಬಚ್ಚಲುಮನೆಯ ಚಿಲಕ ಹಾಕಿಕೊಂಡು, ಟವೆಲನ್ನು ಸೆರಗು ಮಾಡಿ, "ಅಣ್ಣಾ ಕೃಷ್ಣಾ, ಕಾಪಾಡು!" ಎಂದು ಅಭ್ಯಾಸ ಮಾಡಿದರು.

ಐದು ಗಂಟೆಗೆ ಸಂಘದ ಹಾಲ್ ತುಂಬಿತ್ತು. ವೇದಿಕೆಯ ಮೇಲೆ ಒಂದೇ ಕುರ್ಚಿ. ಅದರಲ್ಲಿ ಇವರನ್ನು ಕೂರಿಸಿ ವೆಂಕಟಸುಬ್ಬಯ್ಯ ಮೈಕ್ ಹಿಡಿದರು. ಮೈಕಿನ ಮಾತು ಸೂರ್ಯನಾರಾಯಣರಿಗೂ ಸ್ಪಷ್ಟವಾಗಿ ಕೇಳಿಸಿತು.

"ಇವತ್ತು ಉಚಿತ ಕಿವಿ ತಪಾಸಣೆ. ನಾಚಿಕೆಯಿಂದ ಯಾರೂ ಮುಂದೆ ಬರ್ತಿರ್ಲಿಲ್ಲ. ನಮ್ಮ ಸೂರ್ಯನಾರಾಯಣ ಅವರಿಗೆ ಕಿವಿ ಕೇಳ್ಸಲ್ಲ. 'ಎಲ್ಲರ ಮುಂದೆ ಮೊದಲು ನೀವೇ ಕೂತ್ಕೋತೀರಾ?' ಅಂತ ಕೇಳಿದ್ದಕ್ಕೆ ಮೂರು ಸಲ ತಲೆಯಾಡಿಸಿದ್ರು!"

ಚಪ್ಪಾಳೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವರಿಗೆ. ಅಷ್ಟರಲ್ಲಿ ತಪಾಸಣೆಗೆ ಬಂದಿದ್ದ ಡಾಕ್ಟರ್ ಸಿಂಧೂರ ಅವರು ಪರೀಕ್ಷೆ ಮುಗಿಸಿ, ಕಿವಿಯ ಹಿಂದೆ ಪುಟ್ಟ ಯಂತ್ರ ಸಿಕ್ಕಿಸಿದರು.

ಆಹಾ! ರತ್ನಪ್ರಭಾ ಅವರ ಬಳೆ ಸದ್ದು ಮಾಡುತ್ತಿತ್ತು. ಟ್ಯೂಬ್‌ಲೈಟು ಗುಂಯ್‌ಗುಡುತ್ತಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಚಹಾ ಸೊರ್ರೆಂದು ಹೀರಿದ್ದೂ ಕೇಳಿ ಅವರ ಕಣ್ಣು ತುಂಬಿ ಬಂತು.

"ನನ್ನ ಕಿವಿ ವಿಷಯ ನಿಮ್ಗೆ ಮೊದ್ಲೇ ಗೊತ್ತಿತ್ತಾ?"

"ಇಡೀ ಕಾಲೊನಿಗೇ ಗೊತ್ತಿತ್ತು ಸಾರ್," ಎಂದು ನಕ್ಕ ವೆಂಕಟಸುಬ್ಬಯ್ಯ ಯಾಕೋ ನಗು ಅರ್ಧಕ್ಕೇ ನಿಲ್ಲಿಸಿದರು.

ಚಹಾದ ಹೊತ್ತಿಗೆ ಸೂರ್ಯನಾರಾಯಣ ಹುರುಪಿನಿಂದ ಎಲ್ಲರ ಬಳಿ ಹೋದರು. ಲೀಲಾವತಿ ಪಿಸುದನಿಯಲ್ಲಿ, "ಈಗ ಎಲ್ಲಾ ಕೇಳ್ಸತ್ತಾ ಸಾರ್?" ಅಂದರು.

"ಎಲ್ಲಾ!"

"ನಮ್ಮತ್ತೆ ಬಗ್ಗೆ ನಾನು ಹಿಂದೆ ಹೇಳಿದ್ದೆಲ್ಲ... ಕೇಳ್ಸಿರ್ಲಿಲ್ಲ ತಾನೇ?" ಎಂದವರೇ ಜಾಗ ಖಾಲಿ ಮಾಡಿದರು. ಇವರು ಯಾವ ಗುಂಪಿಗೆ ಹೋದರೂ ಮಾತು ನಿಂತು, "ಚಳಿ ಜಾಸ್ತಿ ಅಲ್ವಾ" ಶುರುವಾಗುತ್ತಿತ್ತು.

ಆಗ ಅರ್ಥವಾಯಿತು. ಇಷ್ಟು ವರ್ಷ ಅವರು ಕಾಲೊನಿಯ ಹುಂಡಿಯಾಗಿದ್ದರು; ಹಾಕಿದ್ದು ಹೊರಗೆ ಬರುವುದಿಲ್ಲವೆಂದೇ ಜನ ತಂದು ಹಾಕುತ್ತಿದ್ದರು. ಕಿವುಡನೆಂದು ಗೊತ್ತಾದರೆ ಬಿಟ್ಟುಬಿಡುತ್ತಾರೆಂದು ಅವರು ಹೆದರಿದ್ದರು. ಜನ ಬಿಟ್ಟದ್ದು ಕಿವಿ ಬಂದ ಮೇಲೆ.

ಮೂಲೆಯಲ್ಲಿ ಒಂಟಿಯಾಗಿ ಕೂತ ಸೂರ್ಯನಾರಾಯಣ ಜೇಬಿನಿಂದ ಮಂಕಿ ಕ್ಯಾಪ್ ತೆಗೆದು ಯಂತ್ರದ ಮೇಲೇ ಎಳೆದುಕೊಂಡು, ಎಲ್ಲರಿಗೂ ಕೇಳುವಂತೆ ಗೊಣಗಿದರು: "ಥೂ, ಕೆಲ್ಸಕ್ಕೆ ಬಾರದ ಮಿಶಿನ್ನು. ತೆಗೆದು ಜೇಬಿಗೆ ಹಾಕ್ಕೊಂಡೆ."

ಚಹಾ ಆರುವುದರೊಳಗೆ ವೆಂಕಟಸುಬ್ಬಯ್ಯ ಬಂದು ಪಕ್ಕದಲ್ಲಿ ಕೂತು, ನಿಟ್ಟುಸಿರು ಬಿಟ್ಟು, ಹೆಂಡತಿಯ ಜೊತೆಗಿನ ಜಗಳದ ಪುರಾಣ ಬಿಚ್ಚಿದರು. ಸೂರ್ಯನಾರಾಯಣ ಒಂದೊಂದು ಮಾತನ್ನೂ ಕೇಳಿಸಿಕೊಂಡು ತಲೆಯಾಡಿಸಿದರು. ಮತ್ತೆ ಪಕ್ಕದಲ್ಲಿ ಜನ ಬಂದರಲ್ಲ ಎಂದು ಎದೆ ಬೆಚ್ಚಗಾಯಿತು.

"ಅಂದ ಹಾಗೆ ಸಾರ್," ವೆಂಕಟಸುಬ್ಬಯ್ಯ ಇನ್ನೂ ಹತ್ತಿರ ಸರಿದರು, "ಯುಗಾದಿ ನಾಟಕಕ್ಕೆ ದ್ರೌಪದಿ ಸಿಗ್ತಿಲ್ಲ. ನೀವು ಹ್ಯಾಗೂ ಮೀಸೆ ತೆಗೆಸಿದೀರಿ. ವಸ್ತ್ರಾಪಹರಣದ ಸೀನೊಂದಿದೆ, ಸೀರೆ ನಮ್ಮನೆಯಿಂದ ತರ್ತೀನಿ. ಮಾಡ್ತೀರಾ?"

ಒಂದಕ್ಷರವೂ ತಪ್ಪದೆ ಕೇಳಿಸಿತು. ಒಲ್ಲೆ ಎನ್ನಬೇಕಾದರೆ ಕೇಳಿಸಿತೆಂದು ಒಪ್ಪಿಕೊಳ್ಳಬೇಕು.

ಸೂರ್ಯನಾರಾಯಣ ಬೋಳು ಮೇಲ್ತುಟಿಯನ್ನೊಮ್ಮೆ ಸವರಿಕೊಂಡು, ಮೂರು ಸಲ ತಲೆಯಾಡಿಸಿದರು.