ಗೋಲು ಕಾಯುವ ಅಳಿಯ

ಅಳಿಯನಿಂದ ನಾನು ತಲೆ ತಗ್ಗಿಸುವ ಪ್ರಸಂಗ ಈಗ ವರ್ಷಕ್ಕೊಮ್ಮೆ ಬರುತ್ತದೆ. ತೊಂಬತ್ತರ ದಶಕದಲ್ಲಿ ವಾರಕ್ಕೊಮ್ಮೆ ಬರುತ್ತಿತ್ತು. ಅವನು ಐಸ್ ಹಾಕಿ ಆಟಗಾರ. ಸಂಬಳಕ್ಕೆ ಗೋಲು ಕಾಯುವವನು. ದೊಡ್ಡ ತಂಡದವನಲ್ಲ. ಸಣ್ಣ ತಂಡಗಳು ಕರೆದಾಗ ಹೋಗಿ, ಬೇಡವೆಂದಾಗ ಬರುವವನು.

ಚಕ್ಕುಲಿ

ಮಗಳು ಅವನನ್ನು ಮೊದಲ ಸಲ ಅಮೆರಿಕದ ಗೈದರ್ಸ್‌ಬರ್ಗ್‌ನ ನಮ್ಮ ಮನೆಗೆ ಕರೆತಂದಳು. ಕೆನಡಾದ ಹುಡುಗ. ನನ್ನ ಹೆಂಡತಿ ಚಕ್ಕುಲಿ ಇಟ್ಟಳು. ಹುಡುಗ "ಎಕ್ಸ್‌ಕ್ಯೂಸ್ ಮಿ" ಎಂದು ಮುಂದಿನ ನಾಲ್ಕು ಹಲ್ಲು ಕಳಚಿ ತಟ್ಟೆಯ ಅಂಚಿನಲ್ಲಿಟ್ಟ. ಕಟ್ಟಿಸಿದ ಹಲ್ಲು. ಅಸಲಿ ಹಲ್ಲು ಆಟದಲ್ಲಿ ಹೋಗಿದ್ದವು.

ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದಳು. "ರೀ, ಹುಡುಗನಿಗೆ ವಯಸ್ಸೆಷ್ಟು?"

"ಇಪ್ಪತ್ತಾರಂತೆ."

"ನಿಮಗೆ ಅರವತ್ತು. ನಿಮ್ಮ ಹಲ್ಲೆಲ್ಲ ಗಟ್ಟಿಯಾಗಿವೆ."

ಮದುವೆಯಾದ ಮೇಲೆ ಅವಳು ನನ್ನನ್ನು ಹೊಗಳಿದ್ದು ಅದೊಂದೇ ಸಲ.

ಕಾಂಟ್ರಾಕ್ಟ್

ಅವರಿಬ್ಬರ ಮದುವೆಯಾಯಿತು. ಯುಗಾದಿಗೆ ಕನ್ನಡ ಸಂಘದ ಅಧ್ಯಕ್ಷರು ಕೇಳಿದರು, "ಅಳಿಯಂದಿರು ಏನ್ ಮಾಡ್ತಾರೆ ಸಾರ್?"

ಸಂಘದಲ್ಲಿ ಎಲ್ಲರ ಅಳಿಯಂದಿರೂ ಸಾಫ್ಟ್‌ವೇರ್, ಇಲ್ಲವೇ ಡಾಕ್ಟರ್.

"ಕಾಂಟ್ರಾಕ್ಟ್ ಮೇಲಿದ್ದಾನೆ," ಎಂದೆ.

"ಎಲ್ಲಿ?"

"ಹೋದ ವರ್ಷ ನಾರ್ತ್ ಕೆರೊಲಿನಾ. ಈ ವರ್ಷ ಸೌತ್ ಕೆರೊಲಿನಾ."

"ಓಹೋ, ಕನ್ಸಲ್ಟೆಂಟ್! ಒಳ್ಳೇ ಡಿಮ್ಯಾಂಡ್ ಇದೆ ಅನ್ನಿ."

ಅಲ್ಲವೆನ್ನಲಿಲ್ಲ. ಮರುವಾರ ಇಬ್ಬರು ಫೋನ್ ಮಾಡಿ, ತಮ್ಮ ಹುಡುಗರಿಗೂ ಅಳಿಯನ ಕಡೆ ಒಂದು ಕೆಲಸ ನೋಡಿ ಎಂದರು. ಆ ಹುಡುಗರ ಹಲ್ಲು ಚೆನ್ನಾಗಿದ್ದವು. ಬೇಡ ಎಂದೆ.

ಅಟ್ಲಾಂಟಾ

ಅಳಿಯನ ತಂಡ ಅಟ್ಲಾಂಟಾದಲ್ಲಿ ಆಡುವುದಿತ್ತು. ಮಗಳು ನಮ್ಮನ್ನೂ ಕರೆದೊಯ್ದಳು. ಹೆಂಡತಿ ರೇಷ್ಮೆ ಸೀರೆಯ ಮೇಲೆ ನನ್ನ ಕೋಟು ಹಾಕಿಕೊಂಡಿದ್ದಳು.

ಅಳಿಯ ಗೋಲು ಬಿಟ್ಟ. ಅಟ್ಲಾಂಟಾದ ಜನ ಎದ್ದು, ಅವನತ್ತ ಬೆರಳು ತೋರಿಸಿ "ಸೀವ್! ಸೀವ್!" ಎಂದು ಕೂಗಿದರು. ಏನನ್ನೂ ತಡೆಯದ ಜರಡಿ ಎಂದರ್ಥ.

"ಏನಂತಿದ್ದಾರ್ರೀ?" ಎಂದಳು ಹೆಂಡತಿ.

ನಿಜ ಹೇಳಲು ನಾಚಿಕೆಯಾಯಿತು. "ಹುರುಪು ತುಂಬ್ತಿದ್ದಾರೆ," ಎಂದೆ.

ಮುಂದಿನ ಗೋಲಿಗೆ ಅವಳೇ ಮೊದಲು ಎದ್ದು ಕೂಗಿದಳು. ಅಳಿಯ ತಿರುಗಿ ನೋಡಿದ. ಐದನೇ ಗೋಲಿಗೆ ಅವಳ ಗಂಟಲು ಕಟ್ಟಿತು. ಪಕ್ಕದಲ್ಲಿದ್ದ ಅಟ್ಲಾಂಟಾದವನು ಮೆಚ್ಚಿ ಅವಳಿಗೆ ಪಾಪ್‌ಕಾರ್ನ್ ಕೊಡಿಸಿದ.

ಪಿಕ್ನಿಕ್

ಆ ದಿನ ಮಗಳು ಕಾರು ಹತ್ತುವಾಗ ಹೇಳಿದಳು, "ಸೀವ್ ಅಂದ್ರೇನು ಅಂತ ಅಮ್ಮಂಗೆ ಗೊತ್ತಿರ್ಲಿಲ್ಲ. ನಿಂಗೆ ಗೊತ್ತಿತ್ತು ಅಪ್ಪ. ಸಂಘದಲ್ಲೂ ಸುಳ್ಳು ಹೇಳಿದೀಯ. ಅವರ ಪಿಕ್ನಿಕ್‌ನಲ್ಲಿ ನೀನೇ ಎಲ್ರಿಗೂ ನಿಜ ಹೇಳ್ಬೇಕು. ಇಲ್ಲಾಂದ್ರೆ ನಾವಿನ್ನು ಮನೆಗೆ ಬರಲ್ಲ. ಐ ಮೀನ್ ಇಟ್."

ಸಂಘದ ಪಿಕ್ನಿಕ್ ಬಂತು. ಕ್ರಿಕೆಟ್ ಆಟ. ನಾನು ಅಂಪೈರ್. ಹೇಳಬೇಕೆಂದು ಗಂಟಲು ಸರಿಮಾಡಿಕೊಳ್ಳುವುದು, ಸ್ಕೋರ್ ಕೇಳುವುದು, ಬೆಳಗಿನಿಂದ ಇದೇ ಆಗಿತ್ತು. ಮಗಳು ಗೆರೆಯಾಚೆ ಕುಳಿತು ನನ್ನನ್ನೇ ನೋಡುತ್ತಿದ್ದಳು.

ಅಧ್ಯಕ್ಷರು ಅಳಿಯನ ಕೈಗೆ ಬ್ಯಾಟ್ ಕೊಟ್ಟು ಇಂಗ್ಲಿಷಿನಲ್ಲಿ ಹೇಳಿಕೊಟ್ಟರು: "ಹಿಂದಿನ ಮೂರು ಕಡ್ಡಿಗೆ ಚೆಂಡು ತಾಗಬಾರದು. ಅಷ್ಟೇ."

ಅಳಿಯನ ಮುಖ ಅರಳಿತು.

ಅಧ್ಯಕ್ಷರೇ ಬೌಲ್ ಮಾಡಿದರು. ಅಳಿಯ ಬ್ಯಾಟ್ ಬಿಸಾಡಿ, ಎರಡೂ ಮಂಡಿಯೂರಿ, ಕಾಲು ಅಗಲಿಸಿ ಸ್ಟಂಪಿನ ಮುಂದೆ ಕುಳಿತುಬಿಟ್ಟ. ಚೆಂಡು ತೊಡೆಗೆ ಬಡಿಯಿತು. ಎದ್ದು ಕೈಯೆತ್ತಿ ಕುಣಿದ.

"ಹೌಝಾಟ್!" ಎಂದು ಇಡೀ ಸಂಘ ನನ್ನ ಕಡೆ ತಿರುಗಿತು.

ಎಲ್‌ಬಿಡಬ್ಲ್ಯೂ. ಬೆರಳೆತ್ತಿದೆ.

"ಸಾರ್," ಎಂದರು ಅಧ್ಯಕ್ಷರು, "ಕನ್ಸಲ್ಟೆಂಟ್ ಯಾಕೆ ಹಂಗ್ ಕೂತ್ರು?"

ಮಗಳು ಎದ್ದು ನಿಂತಳು.

"ಕನ್ಸಲ್ಟೆಂಟ್ ಅಲ್ಲ. ಐಸ್ ಹಾಕಿ ಗೋಲ್‌ಕೀಪರ್. ಹಂಗೆ ಕೂರೋದೇ ಅವನ ಕೆಲಸ," ಎಂದೆ. ತಲೆ ಎತ್ತಲಿಲ್ಲ.

ಮಗಳು ಬಂದು ನನ್ನ ಪಕ್ಕ ನಿಂತಳು. "ರಾತ್ರಿ ಊಟಕ್ಕೆ ಬರ್ತೀವಿ ಅಪ್ಪ."

ಔಟಾದ ಅಳಿಯನ ಸಿಟ್ಟು ಮಾತ್ರ ಇಳಿದಿರಲಿಲ್ಲ. ಅಧ್ಯಕ್ಷರ ಭುಜ ಹಿಡಿದು ನ್ಯಾಯ ಕೇಳಿದ: "ಇಷ್ಟು ವರ್ಷ ಗೋಲು ಬಿಟ್ಟೆ, ಸಂಬಳ ಕೊಟ್ಟರು. ಇವತ್ತು ತಡೆದೆ, ಮಾವ ಔಟ್ ಕೊಟ್ಟರು!"