ಪಕ್ಕದ ಸೀಟಿನ ಸಫಾರಿ

'ಇನ್ನು ಏಳೇ ದಿನ. ನನಗೆ ಕಾರು ಓಡಿಸಲು ಬರುವುದಿಲ್ಲ' ಎಂದು ಡೈರಿಯಲ್ಲಿ ಬರೆದು, ಯಾರೋ ಇಣುಕಿದರೇನೋ ಎಂಬ ಹಾಗೆ ಜಾನಿಸ್ ಪುಟವನ್ನು ಅಂಗೈಯಿಂದ ಮುಚ್ಚಿದಳು.

ಲೈಸೆನ್ಸ್ ಏನೋ ಇತ್ತು. ಊರಿನಲ್ಲಿ ಡಿಗ್ರಿ ಓದುವಾಗ ಮಾಡಿಸಿದ್ದು. ಆದರೆ ಆ ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಮಾಸ್ಟ್ರ ಕಾಲಡಿಯಲ್ಲೂ ಒಂದು ಜೊತೆ ಪೆಡಲ್ ಇದ್ದವು. ಅವಳು ಗಾಬರಿಯಾದಾಗಲೆಲ್ಲ ಅವರು, "ನೀವು ಸ್ಟೇರಿಂಗ್ ಹಿಡೀರಿ, ಕಾಲು ನಾನು ನೋಡ್ತೇನೆ" ಎನ್ನುತ್ತಿದ್ದರು. ಅವಳಿಗೆ ದಿನವೂ ಗಾಬರಿಯಾಗುತ್ತಿತ್ತು. ಟೆಸ್ಟಿನ ದಿನ ಕೂಡ.

ಡಿಗ್ರಿ ಮುಗಿಸಿ ಅಪ್ಪ ಅಮ್ಮ ಇದ್ದ ಅಬುಧಾಬಿಗೆ ಬಂದ ಮೇಲೆ ಈ ಗುಟ್ಟು ಸುಖವಾಗಿ ಮಲಗಿತ್ತು. ಅದನ್ನು ಎಬ್ಬಿಸಿದ್ದು ಅಪ್ಪ ಜೆರಾಲ್ಡ್. ದಕ್ಷಿಣ ಆಫ್ರಿಕಾದ ಕಾಡಿನಲ್ಲಿ ಬಾಡಿಗೆ ಕಾರು ಹಿಡಿದು, ತಾವೇ ಓಡಿಸಿಕೊಂಡು ಪ್ರಾಣಿ ನೋಡುವ ಆಸೆ ಅವರದು. ಅಲ್ಲಿ ರಸ್ತೆಯ ಎಡಬದಿ. ಜೆರಾಲ್ಡರಿಗೆ ಬರುವುದು ಇಲ್ಲಿಯ ಬಲಬದಿ ಮಾತ್ರ.

"ಊರಲ್ಲಿ ಕಲಿತ ನಮ್ಮ ಜಾನಿಸಿಗೆ ಎಡಬದಿ ಅಂದ್ರೆ ನೀರು ಕುಡಿದಷ್ಟು ಸುಲಭ. ಇಪ್ಪತ್ತೆರಡು ವರ್ಷ ನಾನು ಬರೀ ರಸ್ತೆ ನೋಡಿದೆ. ಒಮ್ಮೆ ಪಕ್ಕದ ಸೀಟಲ್ಲಿ ಕೂತು ಹೊರಗೆ ನೋಡ್ಬೇಕು ಮಾರಾಯ್ರೆ," ಎಂದು ಎಲ್ಲರೆದುರು ಹೇಳಿದ್ದರು. ನಾಲ್ಕು ಜನರ ನಡುವೆ ಬಾಯಿ ಬಿಡದ ಮಗಳ ಹೆಸರು ಅಷ್ಟು ಹೆಮ್ಮೆಯಿಂದ ಅವರ ಬಾಯಲ್ಲಿ ಬಂದದ್ದು ಅದೇ ಮೊದಲು. ಆ ಸುಖವನ್ನು ಅವಳು ಎರಡು ತಿಂಗಳಿಂದ ಅನುಭವಿಸುತ್ತಿದ್ದಳು.

ಶುಕ್ರವಾರ ಊಟಕ್ಕೆ ಬಂದ ಪಕ್ಕದ ವಿಲ್ಲಾದ ರೇವಣಸಿದ್ದಪ್ಪ ಬಿರಿಯಾನಿ ಮುಗಿಸಿ ಕೈ ಒರೆಸಿಕೊಂಡರು. "ಜೆರಾಲ್ಡ್, ಮೊದಲ ಮನ್ಯಾಗ ಒಂದು ಪ್ರಾಕ್ಟೀಸ್ ಆಗ್ಲಿ. ಯಲ್ಲಾ, ನಡೀರಿ, ಕುರ್ಚಿ ಹಾಕ್ರಿ."

ಹಾಲಿನಲ್ಲಿ ನಾಲ್ಕು ಕುರ್ಚಿಗಳ ಕಾರು ತಯಾರಾಯಿತು. ಜಾನಿಸ್ ಕೈಗೆ ಊಟದ ತಟ್ಟೆಯ ಸ್ಟೇರಿಂಗ್. ಪಕ್ಕದಲ್ಲಿ ಅಪ್ಪ, ಹಿಂದೆ ಅಮ್ಮ ಜೋಸ್ಫಿನ್ ಮತ್ತು ಎರಡು ಸೂಟ್‌ಕೇಸ್.

"ಆನಿ ನಾನು," ಎಂದು ರೇವಣಸಿದ್ದಪ್ಪ ಸೊಂಡಿಲಿನಂತೆ ಮೂಗಿಗೆ ತೋಳು ಹಚ್ಚಿದರು.

"ನಾ ಆಕಳಾ ಆಗ್ತೀನಿ," ಎಂದರು ಅವರ ಹೆಂಡತಿ ನಿಂಗವ್ವ.

"ಸಫಾರಿಯೊಳಗ ಆಕಳಾ ಎಲ್ಲಿಂದ ಬಂತು?"

"ಯಾಕ, ಆಫ್ರಿಕಾದಾಗ ಮಂದಿ ಚಾ ಕುಡಿಯೂದಿಲ್ಲೇನು?"

ಆನೆ ಅಡುಗೆಮನೆಯ ಬಾಗಿಲಿನಿಂದ ನುಗ್ಗಿ ಬಂತು. "ಬ್ರೇಕ್ ಜಾನು, ಬ್ರೇಕ್," ಎಂದರು ಜೆರಾಲ್ಡ್. ಜಾನಿಸ್ ತಟ್ಟೆಯನ್ನು ಗಾಣದಂತೆ ತಿರುಗಿಸಿದಳು. ಅವಳ ಕಾಲು ಅಲುಗಲಿಲ್ಲ. ಕಣ್ಣು ಮಾತ್ರ ಅಭ್ಯಾಸಬಲದಿಂದ ಪಕ್ಕದವರ ಕಾಲಿನತ್ತ ಹೋಯಿತು. ಆನೆಯ ಮೊಣಕಾಲು ಟೀಪಾಯಿಗೆ ಬಡಿಯಿತು.

"ಹುಡುಗಿ ಗಾಡಿ ನಿಲ್ಲಸಲೇ ಇಲ್ಲಲ್ರಿ," ಎಂದರು ನಿಂಗವ್ವ.

"ನಿಂತಿತ್ತು. ಆನೆಯೇ ಬಂದು ಹೊಡೆದದ್ದು," ಎಂದು ಜೆರಾಲ್ಡ್ ಮಗಳ ಪರ ನಿಂತರು.

ಜಾನಿಸಿಗೆ ತಟ್ಟೆ ಭಾರವಾಯಿತು. ಹೇಳಿಬಿಡಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅಪ್ಪನ ಫೋನು ಸದ್ದು ಮಾಡಿತು. ಕಾರು ಕೊಡುವ ಕಂಪೆನಿಯ ಮೇಲ್. ಓದುತ್ತ ಅವರ ಮುಖ ಸಣ್ಣದಾಯಿತು. "ಓಡಿಸುವವರಿಗೆ ಇಪ್ಪತ್ತಮೂರು ತುಂಬಿರ್ಬೇಕಂತೆ. ಇವಳಿಗೆ ತುಂಬುದು ಬರುವ ತಿಂಗಳು."

"ಛೆ, ಪಾಪ," ಎಂದು ಜೋಸ್ಫಿನ್ ಮಗಳ ತಲೆ ಸವರಿದರು. ನಿಂಗವ್ವ ನೀರು ತಂದುಕೊಟ್ಟರು. ನಗು ಕಾಣಬಾರದೆಂದು ಜಾನಿಸ್ ತಟ್ಟೆಯನ್ನು ಮುಖಕ್ಕೆ ಹಿಡಿದುಕೊಂಡಳು. ಅಳುತ್ತಿದ್ದಾಳೆಂದು ಎಲ್ಲರೂ ತಿಳಿದರು.

ಜೆರಾಲ್ಡರಿಗೆ ತಡೆಯಲಾಗಲಿಲ್ಲ. ಫೋನು ಹಿಡಿದು ಹೊರಗೆ ಹೋದರು, ಅರ್ಧ ಗಂಟೆ ಬಿಟ್ಟು ಅರಳಿದ ಮುಖದಲ್ಲಿ ಬಂದರು.

"ಖಲಾಸ್, ಕೆಲಸ ಆಯ್ತು. ಟಿಕೆಟ್ ಮುಂದೆ ಹಾಕಿಸಿದೆ. ನಿನ್ನ ಬರ್ತ್‌ಡೇ ಮರುದಿನವೇ ಹೊರಡುದು."

"ಬರುವ ತಿಂಗಳಾ?" ರೇವಣಸಿದ್ದಪ್ಪ ಮೊಣಕಾಲಿನ ಐಸ್ ತೆಗೆದಿಟ್ಟರು. "ನಮಗೂ ಆವಾಗ ರಜಾ ಐತಿ. ಏಳು ಸೀಟಿನ ಗಾಡಿ ತಗೋರಿ, ನಾವೂ ಬರ್ತೀವಿ."

ಜೆರಾಲ್ಡ್ ಮತ್ತೆ ಪಕ್ಕದ ಕುರ್ಚಿಯಲ್ಲಿ ಕೂತು, ಇಲ್ಲದ ಕಿಟಕಿಯಿಂದ ಹೊರಗೆ ನೋಡತೊಡಗಿದರು. ಜಾನಿಸ್ ತಟ್ಟೆಯನ್ನು ಮೆಲ್ಲಗೆ ಅವರ ತೊಡೆಯ ಮೇಲಿಟ್ಟಳು.

"ಪಪ್ಪಾ, ನನಗೆ ಸ್ಟೇರಿಂಗ್ ತಿರುಗಿಸ್ಲಿಕ್ಕೆ ಮಾತ್ರ ಬರುದು. ಕಾಲು ಮಾಸ್ಟ್ರದ್ದು."